ಏರ್‌ರೈಫಲ್ ಬಿಚ್ಚುವ ಮುಂಚೆ

ಕೇಳುಗರಿಗೆ ನಮಸ್ಕಾರ. "ಏರ್‌ರೈಫಲ್ ಗುರಿಗೆ ಕೂರ್ತಾ ಇಲ್ಲ, ಸ್ಪ್ರಿಂಗ್ ಬದಲಾಯಿಸಿಬಿಡ್ಲಾ?" ಅಂತ ಕೇಳುವವರು ನಮ್ಮ ತುಮಕೂರು ಸೀಮೆಯಲ್ಲೂ ಇದ್ದಾರೆ. ಬಹಳ ಸಲ ಸ್ಪ್ರಿಂಗ್ ಸರಿಯಾಗಿಯೇ ಇರುತ್ತದೆ. ಬದಲಾಗಬೇಕಾದ್ದು ಹಿಡಿತ.

ಬ್ಯಾರೆಲ್ ಬಗ್ಗಿಸಿ ಎಳೆದಾಗ ಒಳಗೆ ಗಾಳಿ ಒತ್ತುವ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಬಿಗಿಯಾಗಿ ಕೂರುತ್ತದೆ. ಟ್ರಿಗರ್ ಒತ್ತಿದೊಡನೆ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಜರುಗುತ್ತದೆ. ಮುಂದೆ ಒತ್ತಿಹೋದ ಗಾಳಿ ಪಿಸ್ಟನ್ನನ್ನು ತಡೆದಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಅಲುಗಾಟ ಶುರುವಾಗುವಾಗ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಇನ್ನೂ ಬ್ಯಾರೆಲ್ಲಿನೊಳಗೇ ಇರುತ್ತದೆ. ಒಂದು ಸಲ ಬಿಗಿ, ಇನ್ನೊಂದು ಸಲ ಸಡಿಲ ಹಿಡಿದರೆ ಅದು ಪ್ರತಿ ಸಲ ಬೇರೆ ಕಡೆ ಹೋಗುತ್ತದೆ. ಆದ್ದರಿಂದ ಎಡಗೈಯನ್ನು ತಟ್ಟೆಯ ಹಾಗೆ ಬಿಚ್ಚಿ, ರೈಫಲ್ಲಿನ ತೂಕ ಸಮವಾಗುವ ಜಾಗದಲ್ಲಿ ಅಂಗೈ ಮೇಲೆ ಸುಮ್ಮನೆ ಮಲಗಿಸಿ. ಬೆರಳು ಮಡಿಸಬೇಡಿ. ಭುಜಕ್ಕೂ ಹಗುರವಾಗಿ ತಾಗಿಸಿದರೆ ಸಾಕು. ಕಟ್ಟೆಗೋ ಮೇಜಿನ ಅಂಚಿಗೋ ನೇರವಾಗಿ ಒರಗಿಸಿದರೆ ಹಾರಿ ಬೀಳುತ್ತದೆ, ನಡುವೆ ಅಂಗೈ ಇರಲಿ.

ಕಾಗದಕ್ಕೆ ಹೊಡೆಯಲು ಚಪ್ಪಟೆ ತಲೆಯ 4.5 ಮಿಲಿಮೀಟರ್ ಪೆಲೆಟ್ ಒಳ್ಳೆಯದು, ರಂಧ್ರ ಕತ್ತರಿಸಿದ ಹಾಗೆ ಬರುತ್ತದೆ. ಸ್ಪರ್ಧೆಯ 10 ಮೀಟರ್ ಗುರಿಯಲ್ಲಿ ಕಪ್ಪು ಭಾಗ 30.5 ಮಿಲಿಮೀಟರ್, ಹತ್ತು ಅಂಕ ಕೊಡುವ ನಡುಚುಕ್ಕಿ ಬರೀ ಅರ್ಧ ಮಿಲಿಮೀಟರ್. ಮೊದಲಿಗೆ ಐದು ಪೆಲೆಟ್ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದರೆ ಬೇಕಾದಷ್ಟಾಯಿತು.

ಇಷ್ಟಾದರೂ ಚದುರಿದರೆ ಸ್ಕ್ರೂಗಳನ್ನು ನೋಡಿ. ಮರದ ಮುಂಭಾಗದಲ್ಲಿ ಎರಡೂ ಬದಿ, ಮತ್ತೆ ಟ್ರಿಗರ್ ಬಳಿ ಇರುವವು ಒದೆತಕ್ಕೆ ಸಡಿಲವಾಗುತ್ತವೆ. ಆಮೇಲೆ ಗಾಳಿ ಸೋರಿಕೆ. ಬ್ಯಾರೆಲ್ ಮುಚ್ಚುವ ಸಂದಿನ ಮೇಲೆ ಟಿಶ್ಯೂ ಕಾಗದದ ಸಣ್ಣ ಚೂರಿಟ್ಟು ಗುರಿಗೆ ಹೊಡೆಯಿರಿ. ಚೂರು ಹಾರಿದರೆ ಸಂದಿನ ರಬ್ಬರ್ ಸೀಲ್ ಸವೆದಿದೆ ಎಂದರ್ಥ. ಪೆಲೆಟ್ ಹಾಕದೆ ಮಾತ್ರ ಹೊಡೆಯಬೇಡಿ. ತಡೆಯುವ ಗಾಳಿ ಇಲ್ಲದೆ ಪಿಸ್ಟನ್ ಹೋಗಿ ಗುದ್ದುತ್ತದೆ, ಅದರ ತಲೆಯ ಸೀಲ್ ಹಾಳಾಗುತ್ತದೆ.

ಇನ್ನು ಎಣ್ಣೆ. ತೆಂಗಿನ ಸೀಮೆಯವರು ನಾವು, ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ! ಗಾಳಿ ಒತ್ತುವ ಕೊಳವೆಯೊಳಗೆ ಅದಾಗಲಿ, ಹೊಲಿಗೆ ಯಂತ್ರದ ಎಣ್ಣೆಯಾಗಲಿ ಹೋಗಕೂಡದು. ಒತ್ತಿದ ಗಾಳಿ ಕಾದು ಡೀಸೆಲ್ ಎಂಜಿನ್ನಿನ ಹಾಗೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಢಂ ಎಂದು ಜೋರು ಸದ್ದು, ಬ್ಯಾರೆಲ್ ಬಾಯಿಂದ ಹೊಗೆ, ಸುಟ್ಟ ವಾಸನೆ. ಜೋರು ಬಂತೆಂದು ಖುಷಿಪಡುವವರೂ ಉಂಟು, ಅಷ್ಟರಲ್ಲಿ ಸ್ಪ್ರಿಂಗೂ ಸೀಲೂ ಏಟು ತಿಂದಿರುತ್ತವೆ.

ಹೊಡೆದಾಗ ಟೊಂಯ್ ಎಂದು ಸ್ಪ್ರಿಂಗ್ ನಡುಗಿದರೆ ಮಾತ್ರ ಬಿಚ್ಚುವ ಯೋಚನೆ ಮಾಡಿ. ಬಿಚ್ಚಲು ಬಡಗಿಯ ಉದ್ದ ಕ್ಲಾಂಪಾದರೂ ಬೇಕೇ ಬೇಕು. ಒಳಗೆ ಒತ್ತಿ ಕೂತ ಸ್ಪ್ರಿಂಗ್ ಬರಿಗೈಯಲ್ಲಿ ಬಿಚ್ಚಿದರೆ ಮುಖಕ್ಕೆ ಬಂದೀತು. ಹೊರತೆಗೆದ ಸ್ಪ್ರಿಂಗನ್ನು ಗಾಜಿನ ಮೇಲೆ ಉರುಳಿಸಿ, ಕುಣಿದರೆ ಬಾಗಿದೆ, ಹೊಸದು ಹಾಕಿ. ನೆಟ್ಟಗಿದ್ದರೆ ತುದಿಗಳ ತರಿಯನ್ನು ಎಮರಿ ಕಾಗದದಲ್ಲಿ ನಯ ಮಾಡಿ, ಸುರುಳಿಗೆ ಅಂಟು ಗ್ರೀಸನ್ನು ತೆಳ್ಳಗೆ ಸವರಿ. ದಪ್ಪ ಹಚ್ಚಿದರೆ ವೇಗ ಕಡಿಮೆಯಾಗುತ್ತದೆ. ಪಿಸ್ಟನ್ನಿನ ಹಿಂಬದಿಗೆ ಮಾಲಿಬ್ಡಿನಮ್ ಗ್ರೀಸ್ ಒಂದಿಷ್ಟು. ಸೀಲಿನ ಮುಂದೆ ಏನೂ ಬೇಡ.

ಪೆಲೆಟ್ ತುಂಬುವಾಗ ಬಗ್ಗಿದ ಬ್ಯಾರೆಲ್ಲನ್ನು ಒಂದು ಕೈ ಗಟ್ಟಿಯಾಗಿ ಹಿಡಿದಿರಲಿ. ಆಗ ಟ್ರಿಗರ್ ಜಾರಿದರೆ ಬ್ಯಾರೆಲ್ ಫಟ್ಟನೆ ಮೇಲೆದ್ದು ಬೆರಳು ಜಜ್ಜುತ್ತದೆ, ತಾನೂ ಬಾಗುತ್ತದೆ. ಗುರಿಯ ಹಿಂದೆ ಮರಳು ಮೂಟೆ ಇಡಿ. ಮಧುಗಿರಿ, ದೇವರಾಯನದುರ್ಗದ ಕಡೆ ಬಂಡೆಗೇನು ಬರವಿಲ್ಲ, ಹಾಗೆಂದು ಬಂಡೆಯ ಮುಂದೆ ಕಾಗದ ಕಟ್ಟಬೇಡಿ. ಸೀಸದ ಪೆಲೆಟ್ ಅಲ್ಲಿಂದ ಪುಟಿದು ಹೊಡೆದವರ ಕಡೆಗೇ ಬರುತ್ತದೆ.