ಕೇಳುವವರಿಗೆ ಪುಕ್ಕಟೆ ಹಾಡು, ಕಟ್ಟಿದವರಿಗೆ ಸಲ್ಲಬೇಕಾದ ಹಣ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಡು ಹಂಚಿಕೊಳ್ಳುವುದು ತಪ್ಪು ಎಂದು ಹೇಳಲು ನಾನು ಈ ಮೈಕಿನ ಮುಂದೆ ಕುಳಿತಿಲ್ಲ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದಾಗ ಯಾರೋ ಒಬ್ಬರು ಹೊಸ ಕೊಡವ ಹಾಡೊಂದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಕತ್ತಲಾಗುವಷ್ಟರಲ್ಲಿ ಅದು ವಿರಾಜಪೇಟೆ, ಗೋಣಿಕೊಪ್ಪಲು ದಾಟಿ ಬೆಂಗಳೂರಿನಲ್ಲಿ ಓದುವ ಮಕ್ಕಳಿಗೂ ದುಬೈಯಲ್ಲಿ ದುಡಿಯುವ ಅಳಿಯನಿಗೂ ತಲುಪಿರುತ್ತದೆ. ನನಗಂತೂ ಅದು ಸಂತೋಷದ ಸಂಗತಿ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ತಾಯ್ನುಡಿ ಎಂದು ಬರೆಸಿದವರು ಸುಮಾರು 1,14,000 ಮಂದಿ ಮಾತ್ರ. ಅರೆಭಾಷೆಯ, ಯರವ ನುಡಿಯ ಹಾಡುಗಳಿಗೂ ದೊಡ್ಡ ಮಾರುಕಟ್ಟೆ ಇಲ್ಲ. ಹಾಡಿಗೆ ಬೀಗ ಹಾಕಿ, ದುಡ್ಡು ಕೊಟ್ಟವರಿಗಷ್ಟೇ ಕೇಳಿಸುತ್ತೇವೆ ಎಂದು ಹೊರಟರೆ ಇಂಥ ನುಡಿಗಳ ಹಾಡು ನಮ್ಮ ಮಕ್ಕಳ ಕಿವಿಗೇ ಬೀಳುವುದಿಲ್ಲ.

ನನ್ನ ತಕರಾರು ಬೇರೆ. ಹಾಡು ಪುಕ್ಕಟೆಯಾಗಿ ಓಡಾಡುವಾಗ ಅದರ ಸುತ್ತ ಹಣವೂ ಓಡಾಡುತ್ತದೆ. ಆ ಹಣ ಹಾಡು ಕಟ್ಟಿದವರ ಮನೆಯ ದಾರಿ ಹಿಡಿಯುವುದೇ ಇಲ್ಲ.

ನಾಪೋಕ್ಲು ಕಡೆಯಲ್ಲಿ ನನ್ನ ಪರಿಚಯದ ರಾಗ ಸಂಯೋಜಕರೊಬ್ಬರಿದ್ದಾರೆ. ಸ್ವಲ್ಪ ಕಾಫಿ ತೋಟ, ಒಂದು ಹಳೆಯ ಹಾರ್ಮೋನಿಯಂ. ಸಂಜೆ ತೋಟದಿಂದ ಬಂದು ಕೈಕಾಲು ತೊಳೆದು ಪೆಟ್ಟಿಗೆಯ ಮುಂದೆ ಕೂರುತ್ತಾರೆ. ಕವಿ ಬರೆದು ಕಳಿಸಿದ ಸಾಲುಗಳನ್ನು ಮೊದಲು ಸುಮ್ಮನೆ ಓದುತ್ತಾರೆ, ಆಮೇಲೆ ತೊಡೆಯ ಮೇಲೆ ದುಡಿ ವಾದ್ಯದ ನಡೆ ತಟ್ಟುತ್ತ ಗುನುಗುತ್ತಾರೆ. ಒಂದು ಹಾಡಿನ ಪಲ್ಲವಿಯಲ್ಲಿ ದೀರ್ಘಾಕ್ಷರವೊಂದು ಪೆಟ್ಟಿನ ಮೇಲೆ ಬೀಳದೆ ಪಕ್ಕಕ್ಕೆ ಜಾರುತ್ತಿತ್ತು. ಹಾಡುವವರಿಗೆ ಅಲ್ಲಿ ಉಸಿರು ಸಾಲುತ್ತಿರಲಿಲ್ಲ. ಆ ಒಂದು ಅಕ್ಷರಕ್ಕಾಗಿ ಅವರು ಮಳೆಗಾಲದ ಎಷ್ಟೋ ರಾತ್ರಿ ಕೂತಿದ್ದಾರೆ. ಕೊನೆಗೆ ಸ್ವರವನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಅರ್ಧ ಮಾತ್ರೆ ತಡೆದು ಎತ್ತಿಕೊಂಡಾಗ ಸಾಲು ಸರಿಯಾಗಿ ಕೂತಿತು. ಈಗ ಆ ಹಾಡು ಹಾಡುವ ಶಾಲೆಯ ಮಕ್ಕಳು ಆ ಜಾಗದಲ್ಲಿ ಸಲೀಸಾಗಿ ಉಸಿರು ತೆಗೆದುಕೊಳ್ಳುತ್ತಾರೆ. ಅದರ ಹಿಂದೆ ಒಬ್ಬರ ದುಡಿಮೆ ಇದೆ ಎಂಬುದು ಯಾರ ಕಿವಿಗೂ ಕೇಳಿಸುವುದಿಲ್ಲ, ಕೇಳಿಸಲೂಬಾರದು. ಕೆಲಸ ಚೆನ್ನಾಗಿ ಆಗಿದೆ ಎಂಬುದಕ್ಕೆ ಅದೇ ಗುರುತು.

ಆಮೇಲೆ ಮೈಸೂರಿಗೆ ಹೋಗಿ ಸ್ಟುಡಿಯೋ ಬಾಡಿಗೆ, ಕೊಳಲಿನವರು, ತಬಲದವರು, ಮಿಕ್ಸಿಂಗ್ ಮಾಡುವವರು, ಹೀಗೆ ಎಲ್ಲರಿಗೂ ಕೈಯಿಂದ ಕೊಟ್ಟು ಧ್ವನಿಮುದ್ರಣ ಮಾಡಿಸಿದರು. ಯಾರು ಬೇಕಾದರೂ ಕೇಳಲಿ ಎಂದು ಯೂಟ್ಯೂಬಿಗೆ ಹಾಕಿದರು. ಕೆಲವು ತಿಂಗಳ ಮೇಲೆ ರೆಸಾರ್ಟೊಂದರ ಜಾಹೀರಾತು ಬಂತು. ಮಂಜು ಮುಸುಕಿದ ಬೆಟ್ಟ, ಅರಳಿದ ಕಾಫಿ ಹೂವು, ಈಜುಕೊಳ, ಹಿನ್ನೆಲೆಯಲ್ಲಿ ಇವರ ಧಾಟಿ. ಅನುಮತಿ ಕೇಳಿರಲಿಲ್ಲ, ಹೆಸರು ಹಾಕಿರಲಿಲ್ಲ. ವಿಚಾರಿಸಿದರೆ, ‘ನೆಟ್‌ನಲ್ಲಿ ಫ್ರೀ ಇತ್ತಲ್ಲ ಸಾರ್, ನಿಮಗೂ ಪ್ರಚಾರ ಸಿಕ್ಕಿತಲ್ಲ’ ಎಂಬ ಉತ್ತರ ಬಂತು. ಪ್ರಚಾರದಿಂದ ಕೊಳಲಿನವರ ಬಾಕಿ ತೀರುವುದಿಲ್ಲ. ಪೇಟೆಯಲ್ಲಿ ಒಂದು ಲೋಟ ಕಾಫಿಗೆ ಕೊಡುವ ಹಣದಲ್ಲಿ ಗಿಡ ಸಾಕಿದವನ ಪಾಲು ಎಷ್ಟೆಂಬ ಲೆಕ್ಕ ಕೊಡಗಿನ ಪ್ರತಿ ಮನೆಗೂ ಗೊತ್ತು. ಹಾಡಿನ ಲೆಕ್ಕವೂ ಹಾಗೆಯೇ ಇದೆ. ಇಲ್ಲಿ ಎಷ್ಟೋ ಸಲ ಆ ಪಾಲು ಸೊನ್ನೆ.

ಈ ಜಗಳ ಇಂಟರ್‌ನೆಟ್ ಜೊತೆ ಹುಟ್ಟಿದ್ದೇನೂ ಅಲ್ಲ. 1847ರಲ್ಲಿ ಪ್ಯಾರಿಸಿನ ಒಂದು ಕೆಫೆಯಲ್ಲಿ ಕುಳಿತಿದ್ದ ಎರ್ನೆಸ್ಟ್ ಬೂರ್ಜೆ ಎಂಬ ರಚನೆಕಾರನಿಗೆ ತನ್ನದೇ ಕೃತಿ ಅಲ್ಲಿ ನುಡಿಯುತ್ತಿರುವುದು ಕೇಳಿಸಿತು. ನನ್ನ ಹಾಡಿಗೆ ನೀವು ಕೊಡುವುದಿಲ್ಲವಾದರೆ ನಿಮ್ಮ ಪಾನೀಯಕ್ಕೆ ನಾನೂ ಕೊಡುವುದಿಲ್ಲ ಎಂದು ಅವನು ಪಟ್ಟು ಹಿಡಿದ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ ಅವನೇ ಗೆದ್ದ. ಅದರ ಫಲವಾಗಿ 1851ರಲ್ಲಿ ಫ್ರಾನ್ಸಿನ ರಚನೆಕಾರರ ಸಂಘ ಹುಟ್ಟಿತು; ಸಂಗೀತದಿಂದ ವ್ಯಾಪಾರ ಮಾಡುವ ಜಾಗಗಳಿಂದ ಹಣ ಪಡೆದು ರಚನೆಕಾರರಿಗೆ ಹಂಚುವ ಪದ್ಧತಿ ಬೆಳೆಯಿತು. ಬೂರ್ಜೆ ಹಣ ಕೇಳಿದ್ದು ಕೆಫೆಯ ಮಾಲೀಕನನ್ನು, ಅಲ್ಲಿ ಕುಳಿತು ಕೇಳುತ್ತಿದ್ದ ಗಿರಾಕಿಗಳನ್ನಲ್ಲ. ನಾನು ಹೇಳಬೇಕೆಂದಿರುವುದೆಲ್ಲ ಅಷ್ಟರಲ್ಲೇ ಇದೆ. ಕೇಳುವವರನ್ನು ಬಿಟ್ಟುಬಿಡಿ, ಹಾಡಿನಿಂದ ಸಂಪಾದಿಸುವವರನ್ನು ಕೇಳಿ.

ನೀವು ಈಗ ಕೇಳುತ್ತಿರುವ ಈ ಬಾನುಲಿಯೂ ಆ ದಾರಿಯಲ್ಲೇ ನಡೆದು ಬಂದದ್ದು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಿದ ನೆನಪು ಹಿರಿಯರಿಗೆ ಇರಬಹುದು. ಆ ಲೈಸೆನ್ಸ್ ಹೋಗಿ ಕಾಲವಾಯಿತು. ಕೇಳುಗರು ಪೈಸೆ ಕೊಡದೆ ಕೇಳುತ್ತಾರೆ. ಇಲ್ಲಿ ಹಾಡುವ ಕಲಾವಿದರಿಗೆ ಒಪ್ಪಂದ ಪತ್ರವೂ ಇದೆ, ಸಂಭಾವನೆಯೂ ಇದೆ. ಪಶ್ಚಿಮ ಜರ್ಮನಿ 1965ರಲ್ಲಿ ಇನ್ನೊಂದು ಉಪಾಯ ಮಾಡಿತು. ಜನ ಮನೆಯಲ್ಲಿ ಹಾಡು ನಕಲು ಮಾಡಿಕೊಳ್ಳುವುದನ್ನು ತಡೆಯುವ ಬದಲು, ಟೇಪ್ ರೆಕಾರ್ಡರ್ ಮಾಡುವವರಿಂದಲೇ ಒಂದು ಮೊತ್ತ ವಸೂಲಿ ಮಾಡಿ ರಚನೆಕಾರರಿಗೆ ಹಂಚಿತು.

ನಮ್ಮ ಕಾಯ್ದೆಯೂ ಸಂಯೋಜಕರ ಕೈ ಬಿಟ್ಟಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧಾಟಿ ಕಟ್ಟಿದವರ ಹಕ್ಕು ಅವರ ಆಯುಷ್ಯವಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ಉಳಿಯುತ್ತದೆ. 2012ರ ತಿದ್ದುಪಡಿ ಇನ್ನೂ ದೊಡ್ಡದು. ಕಂಪನಿಗೆ ಹಕ್ಕು ಬರೆದುಕೊಟ್ಟ ಮೇಲೂ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳಿಂದ ಬರುವ ರಾಯಧನದಲ್ಲಿ ಕವಿಗೂ ಸಂಯೋಜಕರಿಗೂ ಸಮಪಾಲು ಇದೆ. ಅದನ್ನು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ವಹಿಸಬಹುದೇ ಹೊರತು ಬೇರೆ ಯಾರಿಗೂ ಬಿಟ್ಟುಕೊಡಲು ಬರುವುದಿಲ್ಲ, ಬರೆಸಿಕೊಂಡರೂ ನಡೆಯುವುದಿಲ್ಲ. 1969ರಲ್ಲಿ ಹುಟ್ಟಿ, ಹೊಸ ಕಾಯ್ದೆಯಡಿ 2017ರಲ್ಲಿ ಮತ್ತೆ ನೋಂದಣಿಯಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಈ ಹಣ ವಸೂಲಿ ಮಾಡಿ ಸದಸ್ಯರಿಗೆ ಹಂಚುತ್ತದೆ. ಕೊಡಗಿನ ಸಂಯೋಜಕರು ದಯವಿಟ್ಟು ಸದಸ್ಯತ್ವದ ವಿಚಾರ ತಿಳಿದುಕೊಳ್ಳಿ. ಅಂದಹಾಗೆ, ಮದುವೆಯಲ್ಲಿ ಹಾಡು ಹಾಕಲು ಯಾರೂ ಅಂಜಬೇಕಾಗಿಲ್ಲ. ಧಾರ್ಮಿಕ ಸಮಾರಂಭ, ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಂಭ್ರಮಗಳಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ.

ಹಾಡನ್ನು ಉಚಿತವಾಗಿಯೇ ಹಂಚಬೇಕೆಂಬ ಮನಸ್ಸಿದ್ದವರಿಗೆ ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಗಳಿವೆ. ಮೊದಲು ಬಂದದ್ದು 2002ರ ಡಿಸೆಂಬರಿನಲ್ಲಿ. ಅವುಗಳಲ್ಲಿ ಒಂದು ಬಗೆ ನಮಗೆ ಹೇಳಿ ಮಾಡಿಸಿದಂತಿದೆ: ಹೆಸರು ಹೇಳಿ ಹಾಡಿ, ನಕಲು ಮಾಡಿ, ಹಂಚಿ; ವ್ಯಾಪಾರಕ್ಕೆ ಮಾತ್ರ ಬಳಸಬೇಡಿ. ಶಾಲೆಯ ವಾರ್ಷಿಕೋತ್ಸವಕ್ಕೆ, ನೆಂಟರ ಫೋನಿಗೆ ಹಾಡು ನಿಶ್ಚಿಂತೆಯಿಂದ ಹೋಗುತ್ತದೆ. ರೆಸಾರ್ಟಿನ ಜಾಹೀರಾತಿನವರು ಬಂದು ಕೇಳಿ, ದರ ಮಾತನಾಡಿಕೊಳ್ಳಬೇಕಾಗುತ್ತದೆ. ಒಂದು ಎಚ್ಚರಿಕೆ ಇರಲಿ. ಒಮ್ಮೆ ಕೊಟ್ಟ ಈ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದು. ಕವಿ, ಸಂಯೋಜಕ, ಗಾಯಕಿ, ಧ್ವನಿಮುದ್ರಣಕ್ಕೆ ಹಣ ಹಾಕಿದವರು ಎಲ್ಲರೂ ಒಪ್ಪಿದ ಮೇಲಷ್ಟೇ ಕೊಡಿ. ಸಂಘದ ಸದಸ್ಯರಾಗಿದ್ದರೆ ಅಲ್ಲಿ ಯಾವ ಹಕ್ಕು ವಹಿಸಿದ್ದೀರಿ ಎಂಬುದನ್ನು ಮೊದಲು ನೋಡಿಕೊಳ್ಳಿ.

ಜಾಲತಾಣಗಳು ಹಣ ಹಂಚುವ ರೀತಿಯ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕಾದರೆ ಸಾಮಾನ್ಯವಾಗಿ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕು. ವರ್ಷಕ್ಕೆ ಒಂದೆರಡು ಹಾಡು ಮಾಡುವ ಅರೆಭಾಷೆಯ ಸಂಯೋಜಕರಿಗೆ ಈ ಗೆರೆ ದಾಟುವುದು ಸುಲಭವಲ್ಲ. ಚಂದಾ ಕಟ್ಟಿ ಹಾಡು ಕೇಳುವ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲರ ಹಣವೂ ಒಂದೇ ರಾಶಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಆ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಸೋಮವಾರಪೇಟೆಯ ಒಬ್ಬ ತಾಯಿ ತಿಂಗಳಿಡೀ ನಮ್ಮ ಜಿಲ್ಲೆಯ ಹಾಡುಗಳನ್ನೇ ಕೇಳಿದರೂ ಅವರು ಕೊಟ್ಟ ಹಣದ ಹೆಚ್ಚಿನ ಭಾಗ ಅವರು ಎಂದೂ ಕೇಳದ ದೊಡ್ಡ ಭಾಷೆಗಳ ಹಾಡುಗಳಿಗೆ ಹೋಗುತ್ತದೆ. ಇದು ಬದಲಾಗಲಾರದ ವಿಧಿಯೇನಲ್ಲ. 2021ರಲ್ಲಿ ಸೌಂಡ್‌ಕ್ಲೌಡ್ ಎಂಬ ತಾಣ ಕೇಳುಗರ ಹಣವನ್ನು ಅವರು ಕೇಳಿದ ಕಲಾವಿದರಿಗೇ ಹಂಚುವ ಕ್ರಮವನ್ನು ಸ್ವತಂತ್ರ ಕಲಾವಿದರಿಗಾಗಿ ಆರಂಭಿಸಿತು. ಸಣ್ಣ ನುಡಿಗಳ ಜನ ಒಟ್ಟಾಗಿ ಕೇಳಬೇಕಾದ ಸುಧಾರಣೆ ಇದೇ.

ಹಳೆಯ ಹಾಡುಗಳ ಮಾತು ಬೇರೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಜನಪದ ಹಾಡುಗಳು ಎಲ್ಲರ ಸೊತ್ತು. 1944ರಲ್ಲಿ ತೀರಿಕೊಂಡ ಹರದಾಸ ಅಪ್ಪಚ್ಚ ಕವಿಗಳ ರಚನೆಗಳ ಹಕ್ಕುಸ್ವಾಮ್ಯದ ಅವಧಿಯೂ 2004ಕ್ಕೆ ಮುಗಿದಿದೆ. ಯಾರು ಬೇಕಾದರೂ ಹಾಡಬಹುದು. ಆದರೆ ಹಾಡು ಎಲ್ಲರದೆಂದ ಮಾತ್ರಕ್ಕೆ ಹಾಡಿದವರ ಶ್ರಮ ಎಲ್ಲರದಾಗುವುದಿಲ್ಲ. ವಾಲಗದವರನ್ನೇ ನೋಡಿ. ಮದುವೆಯಲ್ಲಿ ಅವರು ಬೆವರು ಸುರಿಸಿ ನುಡಿಸುವುದನ್ನು ಯಾರೋ ಮೊಬೈಲಿನಲ್ಲಿ ಹಿಡಿಯುತ್ತಾರೆ, ಮರುದಿನ ಅದು ಪ್ರವಾಸಿಗರ ವಿಡಿಯೋಗಳಿಗೆ ಹಿನ್ನೆಲೆಯಾಗುತ್ತದೆ. ಧಾಟಿಗೆ ಒಡೆಯರಿಲ್ಲ, ನಿಜ. ನುಡಿಸಿದವರಿಗೆ 1994ರ ತಿದ್ದುಪಡಿ ಪ್ರದರ್ಶಕರ ಹಕ್ಕು ಕೊಟ್ಟಿದೆ, 2012ರದು ಅದನ್ನು ಬಲಪಡಿಸಿದೆ. ಕೊಡಗಿನ ಹೆಸರು ಹೇಳಿ ದುಡ್ಡು ಮಾಡುವ ಎಲ್ಲ ವಿಡಿಯೋಗಳಿಗೂ ದನಿ ಕೊಟ್ಟವರು ದಿನಗೂಲಿಯಲ್ಲೇ ಉಳಿಯುವುದು ನನಗೆ ಸಹಿಸಲಾಗದ ಮಾತು.

ಹೋಂ ಸ್ಟೇ ನಡೆಸುವ ಅಕ್ಕಂದಿರು, ಅಣ್ಣಂದಿರು ಬಹಳ ಮಂದಿ ಈ ಭಾಷಣ ಕೇಳುತ್ತಿರಬಹುದು. ನಿಮ್ಮ ಜಾಹೀರಾತಿಗೆ ನಮ್ಮ ಹಾಡು ಬೇಕೆನಿಸಿದರೆ ಸಂಯೋಜಕರಿಗೆ ಒಂದು ಫೋನ್ ಮಾಡಿ, ಫೋಟೋಗ್ರಾಫರಿಗೆ ಕೊಡುವಂತೆ ಅವರಿಗೂ ಕೊಡಿ, ವಿಡಿಯೋದ ಕೆಳಗೆ ಹೆಸರು ಹಾಕಿ. ಹಾಡು ಮಾಡುವವರೂ ಸ್ಟುಡಿಯೋಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಪದ ಯಾರದು, ಧಾಟಿ ಯಾರದು, ದನಿ ಯಾರದು, ಹಣ ಬಂದರೆ ಯಾರಿಗೆಷ್ಟು ಎಂದು ಬರೆದು ಎಲ್ಲರ ಸಹಿ ಹಾಕಿಸಿ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿ ಇದೆ. ಹಾಡು, ಸಂಯೋಜಕರು, ಸಂಪರ್ಕಿಸುವ ಬಗೆ ಇಷ್ಟನ್ನು ತೋರಿಸುವ ಒಂದು ಪಟ್ಟಿಯನ್ನು ಅವು ಎಲ್ಲರಿಗೂ ಸಿಗುವಂತೆ ಇಟ್ಟರೆ, ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ ಎಂದು ಹೇಳುವ ನೆಪ ಯಾರಿಗೂ ಉಳಿಯುವುದಿಲ್ಲ. ಆ ಪಟ್ಟಿಯ ಕೆಲಸಕ್ಕೆ ಕೈಜೋಡಿಸಲು ನಾನು ಸಿದ್ಧ.

ನಮಸ್ಕಾರ.