ಫೋನ್ ನೀರಿಗೆ ಬಿತ್ತು, ಆದರೂ ಆನ್ ಆಯಿತು. ಅಂಗಡಿಗೆ ಹೋಗಬೇಕಾ?

ನಮಸ್ಕಾರ. ಈಗ ನೀವು ನೋಡುತ್ತಿರುವುದು ಅಮ್ಮನ ಫೋನಿನ ಒಳಗಿನ ಬೋರ್ಡ್. ಉಡುಪಿಯ ಒಂದು ಸಣ್ಣ ರಿಪೇರಿ ಅಂಗಡಿಯಲ್ಲಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ತೆಗೆದ ವಿಡಿಯೋ ಇದು. ಬಲಗಡೆ ಬ್ಯಾಟರಿ ಕನೆಕ್ಟರ್ ಇದೆ ನೋಡಿ. ಅದರ ಪಿನ್ನುಗಳ ಬುಡದಲ್ಲಿ ಹಸಿರು ಬಣ್ಣ ಕಾಣುತ್ತಿದೆಯಲ್ಲ, ಅದು ಕಿಲುಬು. ತೊಳೆಯದೆ ಇಟ್ಟ ತಾಮ್ರದ ಚೊಂಬಿಗೆ ಹಿಡಿಯುವಂಥದ್ದೇ. ಅದರ ಪಕ್ಕದಲ್ಲಿರುವ ಬಿಳಿ ಪದರ, ಸೋಪಿನ ನೀರು ಒಣಗಿ ಕೂತದ್ದು.

ಈ ಫೋನ್ ಅಂಗಡಿಗೆ ಬಂದಾಗ ಆನ್ ಆಗಿಯೇ ಇತ್ತು. ಬಟ್ಟೆ ನೆನೆಹಾಕಿದ್ದ ಬಕೆಟ್ಟಿಗೆ ಬಿದ್ದಿದ್ದನ್ನು ಅಮ್ಮ ತಕ್ಷಣ ಎತ್ತಿ, ಸೆರಗಿನಲ್ಲಿ ಒರೆಸಿ, ರಾತ್ರಿ ಚಿಕ್ಕಮ್ಮನ ಜೊತೆ ಅರ್ಧ ಗಂಟೆ ಮಾತಾಡಿದ್ದಳು. ಮಲಗುವ ಮುಂಚೆ ಚಾರ್ಜಿಗೂ ಹಾಕಿದ್ದಳು. ಬೆಳಿಗ್ಗೆ ನಾನು ಮನೆಗೆ ಬಂದು ಕೇಳಿದರೆ, "ಏನೂ ಆಗಿಲ್ಲ ಮಗಾ, ಸರಿಯಾಗಿಯೇ ಇದೆ ಬಿಡು" ಅಂದಳು.

ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದೇ ಅಲ್ವಾ? ಫೋನ್ ಆನ್ ಆಯಿತು ಅಂದರೆ ಎಲ್ಲ ಸರಿಯಾಯಿತು ಅಂದುಕೊಳ್ಳುತ್ತೇವೆ. ಆನ್ ಆಗಲಿಲ್ಲ ಅಂದರೆ ಮಾತ್ರ ಅಂಗಡಿ ಹುಡುಕುತ್ತೇವೆ. ಅಂಗಡಿಯ ಅಣ್ಣನಿಗೆ ಇದೇ ಬೇಜಾರು. ಅವರು ಹೇಳಿದ್ದು ಹೀಗೆ: "ಪೂರ್ತಿ ಆಫ್ ಆದ ಫೋನನ್ನು ಜನ ಅವತ್ತೇ ತರುತ್ತಾರೆ, ಎಷ್ಟೋ ಸಲ ಉಳಿಯುತ್ತದೆ. ಆನ್ ಆಗಿದ್ದನ್ನು ಒಂದೆರಡು ವಾರ ಬಳಸಿ, ಬೋರ್ಡ್ ತಿಂದು ಹೋದ ಮೇಲೆ ತರುತ್ತಾರೆ. ಆಗ ನಾನೇನು ಮಾಡಲಿ ಹೇಳಿ?"

ಬೋರ್ಡ್ ತಿಂದು ಹೋಗುವುದು ಹೇಗೆ ಅಂತ ಸ್ವಲ್ಪ ತಿಳಿದುಕೊಂಡರೆ ಉಳಿದ ನಿರ್ಧಾರ ಸುಲಭ. ತೊಂದರೆ ಮಾಡುವುದು ಬರೀ ನೀರಲ್ಲ, ನೀರಿನಲ್ಲಿ ಕರಗಿರುವ ಉಪ್ಪು, ಸೋಪು, ಖನಿಜಗಳು. ಅವು ಇದ್ದರೆ ನೀರಿನ ಮೂಲಕ ಕರೆಂಟ್ ಹರಿಯುತ್ತದೆ. ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಹೀಗೆ ಹರಿಯುವಾಗ ಲೋಹ ಕರಗಿ ಜಾಗ ಬಿಡುತ್ತದೆ. ನೀವು ಫೋನ್ ಆಫ್ ಮಾಡಿದರೂ ಬ್ಯಾಟರಿ ಒಳಗೆ ಜೋಡಿಸಿಕೊಂಡೇ ಇರುತ್ತದೆ. ಹಾಗಾಗಿ ಬೋರ್ಡಿನ ಕೆಲವು ಕಡೆ ವೋಲ್ಟೇಜ್ ಇದ್ದೇ ಇರುತ್ತದೆ. ಹೊರಗೆ ಗಾಜು ಒಣಗಿ ಪಳಪಳ ಅನ್ನುತ್ತಿರುವಾಗ ಒಳಗೆ ಈ ಕೆಲಸ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಆಮೇಲೆ ಒಂದು ದಿನ ಮೈಕ್ ಹೋಗುತ್ತದೆ. ಇನ್ನೊಂದು ದಿನ ಚಾರ್ಜ್ ಆಗುವುದಿಲ್ಲ.

ಅದಕ್ಕೇ ನಾನು ಮೊದಲು ಕೇಳುವುದು ಒಂದೇ: ಬಿದ್ದಿದ್ದು ಯಾವ ನೀರಿಗೆ?

ಮಳೆ ಹನಿ, ಕುಡಿಯುವ ನೀರು ಆದರೆ ಸ್ವಲ್ಪ ಸಮಾಧಾನ. ಬೋರ್‌ವೆಲ್‌ನ ಗಡಸು ನೀರು ಆದರೆ ಅಷ್ಟು ಧೈರ್ಯ ಬೇಡ. ಒಣಗಿದ ಮೇಲೆ ಬಕೆಟ್ಟಿನ ಅಂಚಿನಲ್ಲಿ ಬಿಳಿ ಕಲೆ ಉಳಿಯುತ್ತದಲ್ಲ, ಅದು ಬೋರ್ಡಿನ ಮೇಲೂ ಉಳಿಯುತ್ತದೆ. ಸೋಪಿನ ನೀರು, ಕಾಫಿ, ಸಾರು, ಮಜ್ಜಿಗೆ ಇವೆಲ್ಲ ಇನ್ನೂ ಕೆಟ್ಟವು. ಸಾರಿನಲ್ಲಿ ಉಪ್ಪೂ ಇದೆ, ಹುಣಸೆಯ ಹುಳಿಯೂ ಇದೆ. ಇನ್ನು ಸಮುದ್ರದ ನೀರು. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಮ್ಮ ಮಲ್ಪೆ ಬೀಚಿನಲ್ಲಿ ಅಲೆ ಬಡಿದು ಒದ್ದೆಯಾದ ಫೋನುಗಳು ರಜೆ ದಿನಗಳಲ್ಲಿ ಈ ಅಂಗಡಿಗೆ ಬರುತ್ತಲೇ ಇರುತ್ತವೆ. ಸಮುದ್ರದ ನೀರು ಒಳಗೆ ಹೋಗಿದೆ ಅನ್ನುವ ಅನುಮಾನ ಇದ್ದರೂ ಸಾಕು, ಫೋನ್ ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಅವತ್ತೇ ಅಂಗಡಿಗೆ ಹೋಗಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

"ನಮ್ಮದು ವಾಟರ್‌ಪ್ರೂಫ್ ಫೋನ್" ಅನ್ನುವವರಿಗೆ ಒಂದು ವಿಷಯ. ಡಬ್ಬದ ಮೇಲೆ ಐಪಿ67 ಅಂತ ಇದ್ದರೆ, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಅಂತ ಅರ್ಥ. ಐಪಿ68 ಆದರೆ ಅದಕ್ಕಿಂತ ಜಾಸ್ತಿ, ಎಷ್ಟು ಆಳ, ಎಷ್ಟು ಹೊತ್ತು ಅನ್ನುವುದನ್ನು ಕಂಪನಿ ಹೇಳುತ್ತದೆ. ಐಪಿ54 ಅಂದರೆ ನೀರು ಸಿಡಿದರೆ ತಡೆಯುತ್ತದೆ, ಮುಳುಗಿದರೆ ಇಲ್ಲ. ಐಪಿ52 ಇನ್ನೂ ಕಮ್ಮಿ, ಮೇಲಿಂದ ಬೀಳುವ ಹನಿಗಳಿಗೆ ಮಾತ್ರ. ಈ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಅಲುಗಾಡದ ಸಿಹಿನೀರಿನಲ್ಲಿ. ನೀರು ತಡೆಯುವುದು ಒಳಗಿನ ತೆಳು ಅಂಟು ಮತ್ತು ರಬ್ಬರ್. ವರ್ಷಗಳು ಕಳೆದ ಹಾಗೆ ಅವು ಸಡಿಲ ಆಗುತ್ತವೆ. ಹಿಂದಿನ ಗಾಜು ಬಿರುಕು ಬಿಟ್ಟಿದ್ದರೆ, ಅಥವಾ ಒಂದು ಸಲ ಡಿಸ್‌ಪ್ಲೇ ಬದಲಿಸಿದ್ದರೆ, ಡಬ್ಬದ ಮೇಲಿನ ಆ ನಂಬರನ್ನು ಮರೆತುಬಿಡಿ.

ಮನೆಯಲ್ಲೇ ಕಾದು ನೋಡಬಹುದಾದ ಫೋನ್ ಯಾವುದು ಹಾಗಾದರೆ? ಐಪಿ67 ಅಥವಾ ಐಪಿ68 ಇರುವ, ಬಿರುಕಿಲ್ಲದ, ಬಿಚ್ಚಿಸದ ಫೋನ್. ಬಿದ್ದಿದ್ದು ಒಳ್ಳೆಯ ನೀರಿಗೆ. ಎತ್ತಿದ್ದು ಕೂಡಲೇ. ಇಂಥದ್ದರಲ್ಲಿ ಹೆಚ್ಚಾಗಿ ಚಾರ್ಜಿಂಗ್ ಪೋರ್ಟ್ ಮಾತ್ರ ಒದ್ದೆ ಆಗಿರುತ್ತದೆ. ಕೇಬಲ್ ಚುಚ್ಚಿದರೆ ನೀರ ಹನಿಯ ಗುರುತು ಬರುತ್ತದೆ, ಇಲ್ಲವೇ ತೇವ ಇದೆ ಅಂತ ಎಚ್ಚರಿಕೆ ಬರುತ್ತದೆ. ಗಾಬರಿ ಬೇಡ. ಪೋರ್ಟ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ. ಗಾಳಿ ಆಡುವ ಕಡೆ ಇಡಿ. ಆಪಲ್ ಕಂಪನಿ ಹೇಳುವ ಪ್ರಕಾರ ಕನಿಷ್ಠ 30 ನಿಮಿಷ ಬಿಟ್ಟು ಚಾರ್ಜ್ ಮಾಡಿ ನೋಡಬಹುದು, ಪೂರ್ತಿ ಒಣಗಲು 24 ಗಂಟೆ ಬೇಕಾಗಬಹುದು. ನಮ್ಮ ಕರಾವಳಿಯ ಜೂನ್, ಜುಲೈ ಮಳೆಯಲ್ಲಿ ಒಗೆದ ಬಟ್ಟೆಯೇ ಎರಡು ದಿನ ಆದರೂ ಒಣಗುವುದಿಲ್ಲ. ನಾನಾದರೆ ಆ ಕಾಲದಲ್ಲಿ ಒಂದು ದಿನ ಪೂರ್ತಿ ಫ್ಯಾನಿನ ಮುಂದೆ ಇಟ್ಟೇ ಚಾರ್ಜರ್ ಮುಟ್ಟುತ್ತೇನೆ.

ಅಕ್ಕಿ ಡಬ್ಬಕ್ಕೆ ಹಾಕಬೇಡಿ. ದಯವಿಟ್ಟು. ಅಕ್ಕಿ ಫೋನಿನ ಒಳಗಿನ ನೀರನ್ನು ಎಳೆದುಕೊಳ್ಳುವುದಿಲ್ಲ. ಅದರ ಹುಡಿ, ನುಚ್ಚು ಪೋರ್ಟಿನ ಒಳಗೆ ಸೇರುತ್ತದೆ. ಆಪಲ್ ಕೂಡ ಅಕ್ಕಿ ಬೇಡ ಅಂತಲೇ ಹೇಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಸಮಯದ್ದು. ಫೋನ್ ಎರಡು ದಿನ ಅಕ್ಕಿಯಲ್ಲಿ ಕೂತರೆ ಕಿಲುಬಿಗೆ ಎರಡು ದಿನ ಸಿಕ್ಕ ಹಾಗೆ. ನೀರು ಆರಿದರೂ ಉಪ್ಪು, ಸೋಪು ಅಲ್ಲೇ ಉಳಿಯುತ್ತವೆ. ಹೇರ್ ಡ್ರೈಯರ್ ಕೂಡ ಬೇಡ. ಬಿಸಿಗೆ ಅಂಟು ಬಿಡುತ್ತದೆ, ಗಾಳಿಯ ರಭಸಕ್ಕೆ ನೀರು ಇನ್ನೂ ಒಳಗೆ ಹೋಗುತ್ತದೆ.

ಈಗ ಈ ಶಾಟ್ ನೋಡಿ. ಸಿಮ್ ಟ್ರೇ ಹೊರಗೆ ತೆಗೆದು, ಆ ಸಂದಿಗೆ ಟಾರ್ಚ್ ಬಿಟ್ಟಿದ್ದೇನೆ. ಒಳಗೆ ಒಂದು ಚಿಕ್ಕ ಚುಕ್ಕೆ ಕಾಣುತ್ತದೆ. ಎಷ್ಟೋ ಫೋನುಗಳಲ್ಲಿ ಇಲ್ಲಿ ಬಿಳಿ ಸ್ಟಿಕ್ಕರ್ ಅಂಟಿಸಿರುತ್ತಾರೆ. ನೀರು ತಾಗಿದರೆ ಅದು ಕೆಂಪು ಅಥವಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಮ್ಮನ ಫೋನಿನದು ಕೆಂಪಾಗಿತ್ತು. ಸರ್ವಿಸ್ ಸೆಂಟರಿನವರು ಮೊದಲು ನೋಡುವುದೇ ಇದನ್ನು. ಕೆಂಪಾಗಿದ್ದರೆ ನೀರು ಒಳಗೆ ಹೋಗಿದೆ ಅಂತ ಲೆಕ್ಕ. ಬಿಳಿ ಇದ್ದರೆ ಒಳ್ಳೆಯ ಸೂಚನೆ, ಆದರೆ ಅದು ಆ ಒಂದು ಮೂಲೆಯ ಸುದ್ದಿ ಮಾತ್ರ ಹೇಳುತ್ತದೆ. ಸ್ಪೀಕರ್ ಕಡೆಯಿಂದ ನೀರು ಹೋಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾಗಿ ಉಳಿದ ಲಕ್ಷಣಗಳನ್ನೂ ನೋಡಬೇಕು. ಕ್ಯಾಮೆರಾ ಗಾಜಿನ ಒಳಗೆ ಮಂಜು ಕಟ್ಟಿದರೆ ನೀರು ಖಂಡಿತ ಒಳಗಿದೆ. ಫೋನ್ ಸುಮ್ನೆ ಇಟ್ಟಾಗಲೂ ಒಂದು ಕಡೆ ಬಿಸಿ ಆಗುತ್ತಿದ್ದರೆ, ಬೆಳಿಗ್ಗೆ ತುಂಬಿದ್ದ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ ಆಗುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಟಚ್ ತಾನಾಗಿ ಒತ್ತಿಕೊಳ್ಳುವುದು, ಡಿಸ್‌ಪ್ಲೇಯಲ್ಲಿ ಕಪ್ಪು ಮೋಡದಂಥ ಕಲೆ, ನಿಮ್ಮ ಮಾತು ಆ ಕಡೆಯವರಿಗೆ ಕೇಳಿಸದೆ ಇರುವುದು, ಇವೆಲ್ಲ ಅಂಗಡಿಗೆ ಹೋಗುವ ಲಕ್ಷಣಗಳೇ. ಒಂದು ಸುಲಭದ ಪರೀಕ್ಷೆ ಕೂಡ ಇದೆ. ಪೋರ್ಟ್ ಒಣಗಿದ ಮೇಲೆ ಟೈಪ್-ಸಿ ಕೇಬಲ್ಲನ್ನು ಒಮ್ಮೆ ನೇರ, ಒಮ್ಮೆ ತಿರುಗಿಸಿ ಚುಚ್ಚಿ. ಒಂದು ಕಡೆ ಮಾತ್ರ ಚಾರ್ಜ್ ಆಗುತ್ತಿದ್ದರೆ ಇನ್ನೊಂದು ಕಡೆಯ ಪಿನ್ನು ಕೆಟ್ಟಿರುವ ಸಾಧ್ಯತೆ ಜಾಸ್ತಿ. ಅಮ್ಮನ ಫೋನಿನಲ್ಲಿ ಹಾಗೇ ಆಗಿತ್ತು. ಹಿಂದಿನ ಮುಚ್ಚಳ ಉಬ್ಬಿದ್ದರೆ ಮಾತ್ರ ಇಂಥ ಯಾವ ಪರೀಕ್ಷೆಯೂ ಬೇಡ. ಒತ್ತಬೇಡಿ, ಚಾರ್ಜ್ ಮಾಡಬೇಡಿ. ಲೀಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು.

ಅಂಗಡಿಗೆ ಕೊಡುವವರೆಗೆ ಫೋನ್ ಆಫ್ ಮಾಡಿಡು ಅಂದಾಗ ಅಮ್ಮನ ದೊಡ್ಡ ಚಿಂತೆ ಬೇರೆಯೇ ಇತ್ತು. "ಆಫ್ ಮಾಡಿಟ್ಟರೆ ಗ್ಯಾಸಿನ ಓಟಿಪಿ ಎಲ್ಲಿಗೆ ಬರುತ್ತದೆ?" ನ್ಯಾಯವಾದ ಪ್ರಶ್ನೆ. ಇವತ್ತು ಬ್ಯಾಂಕು, ಯುಪಿಐ, ವಾಟ್ಸಾಪ್ ಎಲ್ಲ ಆ ಸಿಮ್ಮಿಗೇ ಅಂಟಿಕೊಂಡಿವೆ. ಫೋನ್ ಆಫ್ ಮಾಡಲು ಜನ ಹಿಂಜರಿಯುವುದೂ ಇದಕ್ಕೇ. ಸಿಮ್ ಒರೆಸಿ ಮನೆಯಲ್ಲಿರುವ ಹಳೇ ಫೋನಿಗೆ ಹಾಕಿ, ಅಷ್ಟೇ. ಕೀಪ್ಯಾಡ್ ಫೋನ್ ಆದರೂ ಓಟಿಪಿ ಬರುತ್ತದೆ.

ಇನ್ನು ಫೋಟೋಗಳ ವಿಷಯ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಫೋನ್ ಹೋದರೂ ಮೆಮೊರಿ ಚಿಪ್ ಬಿಚ್ಚಿ ಫೋಟೋ ತೆಗೆಯಬಹುದು ಅಂತ ಬಹಳ ಜನ ನಂಬಿದ್ದಾರೆ. ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಅದು ಆಗುವುದಿಲ್ಲ. ಒಳಗಿನ ಮಾಹಿತಿಯನ್ನು ಬೀಗ ಹಾಕಿದ ಹಾಗೆ ಎನ್‌ಕ್ರಿಪ್ಟ್ ಮಾಡಿರುತ್ತಾರೆ, ಅದರ ಕೀಲಿ ಅದೇ ಬೋರ್ಡಿನ ಪ್ರೊಸೆಸರಿಗೆ ಅಂಟಿರುತ್ತದೆ. ಫೋಟೋ ಬೇಕಾದರೆ ಅದೇ ಬೋರ್ಡ್ ಮತ್ತೆ ಜೀವ ಹಿಡಿಯಬೇಕು. ಅಂದರೆ ಫೋನಿನ ಬೆಲೆ ಎಷ್ಟು ಅನ್ನುವುದಕ್ಕಿಂತ ಒಳಗೆ ಏನಿದೆ ಅನ್ನುವುದೇ ದೊಡ್ಡದು. ಅಮ್ಮನ ಫೋನಿನಲ್ಲಿ ಅಜ್ಜಿಯ ಕೊನೆಯ ದಿನಗಳ ವಿಡಿಯೋಗಳಿವೆ. ಬೇರೆ ಎಲ್ಲೂ ಇರಲಿಲ್ಲ. ಫೋನ್ ಹಳೆಯದು, ಹೊಸದು ತೆಗೆದುಕೊಳ್ಳಬಹುದಿತ್ತು. ಆ ವಿಡಿಯೋಗಳಿಗಾಗಿ ನಾವು ಅಂಗಡಿಗೆ ಹೋದೆವು.

ಈಗ ಮತ್ತೆ ಅಂಗಡಿಯ ದೃಶ್ಯ. ಹಿಂದಿನ ಮುಚ್ಚಳವನ್ನು ಸ್ವಲ್ಪ ಬಿಸಿ ಮಾಡಿ, ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ ಬಿಡಿಸುತ್ತಿದ್ದಾರೆ. ತೆಗೆದ ಕೂಡಲೇ ಮಾಡಿದ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸಿದ್ದು. ಆ ಕ್ಷಣಕ್ಕೆ ಕರೆಂಟಿನಿಂದ ಆಗುತ್ತಿದ್ದ ಹಾನಿ ನಿಂತಿತು. ಮನೆಯಲ್ಲಿ ನಾವು ಮಾಡಲಾಗದ ಕೆಲಸ ಇದೇ. ಆಮೇಲೆ ಬೋರ್ಡ್ ಹೊರಗೆ ತೆಗೆದು, ಚಿಪ್ಪುಗಳ ಮೇಲಿನ ತಗಡಿನ ಮುಚ್ಚಳ ಎತ್ತಿದರು. ಹೊರಗೆ ಏನೂ ಕಾಣದಿದ್ದ ಕಡೆ, ಆ ತಗಡಿನ ಅಡಿಯಲ್ಲಿ ಇನ್ನೂ ಒಂದು ಹನಿ ಹಸಿ ಇತ್ತು. ನೋಡಿ, ಅಮ್ಮ ಬಾಗಿ ಅದನ್ನೇ ನೋಡುತ್ತಿದ್ದಾಳೆ. "ಅಯ್ಯೋ, ಇನ್ನೂ ಇದೆಯಲ್ಲಾ" ಅಂದಳು.

ತೊಳೆಯುವುದು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ, ಮೃದು ಬ್ರಷ್ ಹಿಡಿದು. ಅದು ನೀರನ್ನು ತನ್ನ ಜೊತೆ ಸೇರಿಸಿಕೊಂಡು ಬೇಗ ಆರುತ್ತದೆ. ಚಿಪ್ಪಿನ ಅಡಿಯಲ್ಲಿ ಕೊಳೆ ಸಿಕ್ಕಿಕೊಂಡಿದ್ದರೆ ಅಲ್ಟ್ರಾಸಾನಿಕ್ ಕ್ಲೀನರಿನಲ್ಲಿ, ಅಂದರೆ ಶಬ್ದದ ಕಂಪನದಿಂದ ಕೊಳೆ ಬಿಡಿಸುವ ಮೆಷಿನ್ನಿನಲ್ಲಿ ಇಡುತ್ತಾರೆ. ಒಣಗಿಸಿದ ಮೇಲೆ ಬ್ಯಾಟರಿ ಜಾಗಕ್ಕೆ ಪವರ್ ಸಪ್ಲೈ ಮೆಷಿನ್ ಜೋಡಿಸಿದರು. ಪವರ್ ಬಟನ್ ಒತ್ತುವ ಮುಂಚೆ ಬೋರ್ಡ್ ಕರೆಂಟ್ ಎಳೆಯಬಾರದು. ಎಳೆದರೆ ಎಲ್ಲೋ ಶಾರ್ಟ್ ಇದೆ ಅಂತ. ಮೆಷಿನ್ನಿನ ಅಂಕಿ ಸೊನ್ನೆಯಲ್ಲೇ ನಿಂತಿತು. ಚಾರ್ಜಿಂಗ್ ಪೋರ್ಟ್ ಇರುವ ಚಿಕ್ಕ ಬೋರ್ಡ್ ಮಾತ್ರ ಬದಲಿಸಬೇಕಾಯಿತು.

ಸರ್ವಿಸ್ ಸೆಂಟರಾ, ಹೊರಗಿನ ಅಂಗಡಿಯಾ? ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ಅಥವಾ ಇನ್ಶೂರೆನ್ಸ್ ಇದ್ದರೆ ಸೀದಾ ಸರ್ವಿಸ್ ಸೆಂಟರಿಗೇ ಹೋಗಿ. ಹೊರಗೆ ಬಿಚ್ಚಿಸಿದರೆ ಕ್ಲೇಮ್ ಸಿಗುವುದು ಕಷ್ಟ. ಸಾಮಾನ್ಯ ವಾರಂಟಿಯಲ್ಲಿ ನೀರಿನ ಹಾನಿ ಸೇರುವುದಿಲ್ಲ, ಅದನ್ನು ನಂಬಿಕೊಂಡು ಕೂರಬೇಡಿ. ಸರ್ವಿಸ್ ಸೆಂಟರಿನಲ್ಲಿ ಹೆಚ್ಚಾಗಿ ಕೆಟ್ಟ ಬೋರ್ಡ್ ತೊಳೆದು ಉಳಿಸುವ ಬದಲು ಬೋರ್ಡನ್ನೇ ಬದಲಿಸುತ್ತಾರೆ. ಬೋರ್ಡ್ ಬದಲಾದರೆ ಫೋಟೋಗಳೂ ಹೋದ ಹಾಗೆ. ಫೋಟೋ ಮುಖ್ಯ ಆಗಿದ್ದರೆ ಮೈಕ್ರೋಸ್ಕೋಪ್ ಇಟ್ಟುಕೊಂಡು ಬೋರ್ಡ್ ಕೆಲಸ ಮಾಡುವ ಅಂಗಡಿಯೇ ಬೇಕು. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದೆ. ನಮ್ಮಂಥ ಊರುಗಳಲ್ಲಿ ವಿಚಾರಿಸಿ ಹುಡುಕಬೇಕು. ಬರೀ ಡಿಸ್‌ಪ್ಲೇ, ಬ್ಯಾಟರಿ ಬದಲಿಸುವ ಅಂಗಡಿಯಲ್ಲಿ ಇದು ಆಗುವುದಿಲ್ಲ.

ಕೊಡುವ ಮುಂಚೆಯೇ ಕೇಳಿ: ಬಿಚ್ಚಿ ತೊಳೆಯಲು ಎಷ್ಟು, ಸರಿಯಾಗದಿದ್ದರೂ ಎಷ್ಟು ಕೊಡಬೇಕು, ಪಾರ್ಟ್ ಹಾಕಬೇಕಾದರೆ ಮೊದಲು ಫೋನ್ ಮಾಡುತ್ತೀರಾ. ಬಿದ್ದಿದ್ದು ಯಾವ ನೀರಿಗೆ, ಆಮೇಲೆ ಚಾರ್ಜ್ ಮಾಡಿದ್ದೀರಾ ಇಲ್ಲವಾ, ಇದನ್ನು ನೀವಾಗಿ ಹೇಳಿ. ಅಮ್ಮ ಸೋಪಿನ ಪುಡಿಯ ವಿಷಯ ಹೇಳಿದ್ದರಿಂದಲೇ ಆ ಅಣ್ಣ ಪೋರ್ಟಿನ ಬೋರ್ಡನ್ನು ಮೊದಲು ನೋಡಿದ್ದು.

ದುಡ್ಡು ಕೊಡುವ ಮುಂಚೆ ಅಲ್ಲೇ ನಿಂತು ಪರೀಕ್ಷೆ ಮಾಡಿ. ಒಂದು ಕಾಲ್ ಮಾಡಿ ಎರಡೂ ಕಡೆ ಮಾತು ಕೇಳಿಸುತ್ತದಾ ನೋಡಿ. ಎರಡೂ ಕ್ಯಾಮೆರಾ, ಸ್ಪೀಕರ್, ಬೆರಳಚ್ಚು, ವೈಫೈ ನೋಡಿ. ಕೇಬಲ್ ಎರಡೂ ಬದಿಯಲ್ಲಿ ಚುಚ್ಚಿ. ಮನೆಗೆ ಬಂದ ದಿನವೇ ಫೋಟೋಗಳನ್ನು ಬೇರೆ ಕಡೆಗೆ ಕಾಪಿ ಮಾಡಿ, ಯಾಕೆಂದರೆ ಒಮ್ಮೆ ನೀರು ಕುಡಿದ ಬೋರ್ಡ್ ಎಷ್ಟು ದಿನ ಬಾಳುತ್ತದೆ ಅಂತ ಯಾವ ಅಂಗಡಿಯವರೂ ಗ್ಯಾರಂಟಿ ಕೊಡುವುದಿಲ್ಲ. ಅಜ್ಜಿಯ ವಿಡಿಯೋಗಳು ಈಗ ನನ್ನ ಲ್ಯಾಪ್‌ಟಾಪಿನಲ್ಲೂ ಇವೆ, ಚಿಕ್ಕಮ್ಮನ ಪೆನ್‌ಡ್ರೈವಿನಲ್ಲೂ ಇವೆ.