ಎಲ್ಲಿ ಚೆನ್ನಾಗಿದೆ?

ಹಿರಿಯರೇ, ಗೆಳೆಯರೇ,

ನನ್ನನ್ನು ‘ಸಂಗೀತಗಾರರು’ ಎಂದು ಪರಿಚಯಿಸಿದ್ದು ಸಂಘಟಕರ ದೊಡ್ಡ ಮನಸ್ಸು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಹಾರ್ಮೋನಿಯಂ ಮುಂದೆ ಕೂತು ಅಷ್ಟಿಷ್ಟು ಹಾಡು ಕಟ್ಟಿದ್ದೇನೆ. ಅವುಗಳಲ್ಲಿ ಏಳೆಂಟನ್ನು ಅಂತರ್ಜಾಲಕ್ಕೆ ಏರಿಸಿದ್ದೇನೆ. ಅಂಥ ಒಂದು ಹಾಡಿನ ಕಥೆಯಿಂದಲೇ ಶುರು ಮಾಡುತ್ತೇನೆ. ಈ ಸಂಜೆ ನಾನು ಆಡಲಿರುವ ಮಾತೆಲ್ಲ ಆ ಹಾಡಿನ ಒಂದೇ ಒಂದು ಅಕ್ಷರದಿಂದ ಹುಟ್ಟಿದ್ದು.

ಊರು ಬಿಟ್ಟುಹೋದ ಮಗನ ಮೇಲೆ ತಾಯಿ ಮುನಿಸಿಕೊಂಡು ಹಾಡುವ ಹಾಡು ಅದು. ಸಾಹಿತ್ಯವೂ ನನ್ನದೇ. ಪಲ್ಲವಿ ಹೀಗಿದೆ:

ಹಬ್ಬಕೂ ಬಾರದಿರು, ಕಾಗದವ ಬರೆಯದಿರು

ಕೀಬೋರ್ಡಿನಲ್ಲಿದ್ದ ಸಿದ್ಧ ತಾಳವೊಂದನ್ನು ಹಾಕಿಕೊಂಡು ಮಟ್ಟು ಕೂರಿಸಿದೆ. ಬೇರೆ ಊರಿನಲ್ಲಿರುವ ತಂಗಿಯ ಮಗಳು ಇಯರ್‌ಫೋನಿನಲ್ಲಿ ತಾಳ ಕೇಳಿಸಿಕೊಳ್ಳುತ್ತಾ ಮೊಬೈಲಿಗೇ ಹಾಡಿ ಕಳುಹಿಸಿದಳು. ಎರಡನ್ನೂ ಜೋಡಿಸಿ ಏರಿಸಿದೆವು. ಎರಡೇ ದಿನದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಮೆಚ್ಚಿ ಬರೆದರು. ‘ಸೂಪರ್ ಸರ್’, ‘ಅದ್ಭುತ’, ‘ಮನ ಮುಟ್ಟಿತು’, ಜೊತೆಗೆ ಕೈ ಮುಗಿದ ಚಿತ್ರ, ಚಪ್ಪಾಳೆಯ ಚಿತ್ರ. ಹಾಡು ನಾಲ್ಕೂವರೆ ನಿಮಿಷದ್ದು. ಮೊದಲ ‘ಅದ್ಭುತ’ ಒಂದು ನಿಮಿಷ ತುಂಬುವ ಮೊದಲೇ ಬಂದಿತ್ತು. ಆದರೂ ನಾನು ಹಿಗ್ಗಿದೆ, ಸುಳ್ಳು ಹೇಳಬಾರದು.

ಮೂರನೆಯ ದಿನ ಅಪರಿಚಿತರೊಬ್ಬರು ಬರೆದರು: ‘ತಾಯಿ ಮಗನನ್ನು ಬಯ್ಯುತ್ತಿದ್ದಾಳೋ, ಕರೆಯುತ್ತಿದ್ದಾಳೋ? ಗಾಯಕಿ “ಹಬ್ಬಕೂ ಬಾ” ಎಂದು ಎಳೆದು, ಉಸಿರು ತೆಗೆದುಕೊಂಡು, ಆಮೇಲೆ “ರದಿರು” ಎನ್ನುತ್ತಾರೆ. ಬೇಕೆಂದೇ ಮಾಡಿದ್ದರೆ ಕೈ ಮುಗಿಯುತ್ತೇನೆ. ಅರಿಯದೆ ಆಗಿದ್ದರೆ ತಾಳ ನೋಡಿಕೊಳ್ಳಿ.’

ಅರಿಯದೆಯೇ ಆಗಿತ್ತು. ಹಾಡು ಕಟ್ಟಿದ ನನಗೆ ಕೇಳಿಸದಿದ್ದದ್ದು, ಹಾಡಿದವಳಿಗೆ ಕೇಳಿಸದಿದ್ದದ್ದು, ಮೆಚ್ಚಿದ ನಲವತ್ತು ಮಂದಿಗೂ ಕೇಳಿಸದಿದ್ದದ್ದು ಆ ಒಬ್ಬರಿಗೆ ಕೇಳಿಸಿತ್ತು. ಮೊದಲು ಮುಖ ಕೆಂಪಾಯಿತು. ಆಮೇಲೆ ಅನ್ನಿಸಿತು, ನನ್ನ ಹಾಡನ್ನು ಕೇಳಿದವರು ಇವರೊಬ್ಬರೇ.

ನಮ್ಮ ಸಂಗೀತ ಕಚೇರಿಗಳಲ್ಲಿ ಮೆಚ್ಚುಗೆ ಹೇಗಿರುತ್ತದೆ, ನೆನಪು ಮಾಡಿಕೊಳ್ಳಿ. ಅಲ್ಲೇ ಹೊಳೆದು ಹಾಡಿದ ಕಲ್ಪನಾಸ್ವರ ಸುತ್ತಾಡಿ ಬಂದು ಎಡುಪಿನ ಮೇಲೆ, ಅಂದರೆ ತಾಳದಲ್ಲಿ ಸಾಲು ಶುರುವಾಗುವ ಜಾಗದ ಮೇಲೆ, ಸರಿಯಾಗಿ ಕೂತ ಕ್ಷಣ ಮುಂದಿನ ಸಾಲಿನಿಂದ ಒಂದು ‘ಭೇಷ್’ ಬರುತ್ತದೆ. ಧಾರವಾಡದ ಕಡೆ ಬೈಠಕ್ಕಿನಲ್ಲಿ ವೇಗದ ತಾನ್ ಒಂದು ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ಬಂದಾಗ ‘ವಾಹ್’ ಏಳುತ್ತದೆ. ಅರ್ಧ ಆವರ್ತ ತಡವಾಗಿ ‘ಭೇಷ್’ ಎಂದವನ ಕಡೆಗೆ ಪಕ್ಕದವರು ತಿರುಗಿ ನೋಡುತ್ತಾರೆ. ಮೆಚ್ಚುಗೆಗೆ ಅಲ್ಲಿ ಒಂದು ಜಾಗವಿದೆ. ಹೊಗಳಿಕೆ ಯಾವ ಸ್ವರಕ್ಕೆ ಸಂದಿತು ಎಂಬುದು ಹಾಡುವವರಿಗೂ ಗೊತ್ತು, ಸಭೆಗೂ ಗೊತ್ತು. ಅಂತರ್ಜಾಲದ ಹೆಬ್ಬೆರಳಿಗೆ ಈ ಜಾಗವೇ ಇಲ್ಲ. ಅದು ಇಡೀ ಹಾಡಿನ ಹಣೆಗೆ ಹಚ್ಚುವ ಕುಂಕುಮ. ಈ ಕೊರತೆ ಅರಿತವರೂ ಇದ್ದರು. 2007ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಸೌಂಡ್‌ಕ್ಲೌಡ್ ಎಂಬ ತಾಣ ಹಾಡನ್ನು ಒಂದು ಉದ್ದನೆಯ ಅಲೆಯಾಗಿ ತೋರಿಸಿ, ಆ ಅಲೆಯ ಯಾವ ಬಿಂದುವಿನ ಮೇಲೆ ಬೇಕಾದರೂ ಕೇಳುಗರು ಮಾತು ಬರೆಯುವಂತೆ ಮಾಡಿತು. ಎರಡನೆಯ ನಿಮಿಷದ ಹನ್ನೊಂದನೆಯ ಸೆಕೆಂಡಿನಲ್ಲಿ ಯಾರೋ ‘ಆಹಾ’ ಎಂದಿರುತ್ತಾರೆ. ನನ್ನ ಮಟ್ಟಿಗೆ ಅದು ಕಚೇರಿಯ ಮುಂದಿನ ಸಾಲಿನ ಜಮಖಾನ.

ಈಗ ‘ಬಾರದಿರು’ವಿಗೆ ಮರಳೋಣ. ಅದು ಏಕೆ ಹಾಗೆ ಮುರಿಯಿತು?

ಆ ಸಾಲಿಗೆ ಪ್ರಸ್ತಾರ ಹಾಕಿ ನೋಡಿ. ಹಬ್ಬಕೂ: ಗುರು, ಲಘು, ಗುರು, ಐದು ಮಾತ್ರೆ. ಬಾರದಿರು: ಒಂದು ಗುರು, ಮೂರು ಲಘು, ಐದು. ಕಾಗದವ, ಅದೂ ಐದು. ಬರೆಯದಿರು, ಐದೂ ಲಘು. ಪಂಚಮಾತ್ರಾ ಗಣಗಳು ಸಾಲಾಗಿ ಬಂದಿವೆ. ನಾನು ಲೆಕ್ಕ ಹಾಕಿ ಬರೆದದ್ದಲ್ಲ, ಬಾಯಿಗೆ ಹಾಗೆ ಬಂತು. ಕನ್ನಡದ ಬಾಯಿಗೆ ರಗಳೆ, ಷಟ್ಪದಿಗಳ ನಡೆ ಎಷ್ಟು ಅಂಟಿದೆಯೆಂದರೆ ಛಂದಸ್ಸು ಓದದವರೂ ಅದರಲ್ಲೇ ನಡೆಯುತ್ತಾರೆ. ಐದರ ಈ ನಡೆಗೆ ನಮ್ಮಲ್ಲಿ ಖಂಡಛಾಪು ಇದೆ: ತಕ ತಕಿಟ. ಹಿಂದೂಸ್ತಾನಿಯವರಿಗೆ ಝಪ್‌ತಾಲ್ ಇದೆ. ಭಾಮಿನಿಯ ಮೂರು ನಾಲ್ಕರ ನಡೆಗೆ ಮಿಶ್ರಛಾಪು ಇದೆ. ಮೂರರ ಉತ್ಸಾಹ ನಡೆ ದಾದ್ರಾದಲ್ಲಿ ತಾನಾಗಿ ಕುಣಿಯುತ್ತದೆ.

ಆದರೆ ನನ್ನ ಕೀಬೋರ್ಡು ಕೊಟ್ಟ ತಾಳ ನಾಲ್ಕರದು. ಐದನ್ನು ನಾಲ್ಕರ ಪೆಟ್ಟಿಗೆಯಲ್ಲಿ ತುರುಕಲು ಆಗುವುದಿಲ್ಲ, ಆದ್ದರಿಂದ ಎಂಟಕ್ಕೆ ಎಳೆದೆ. ‘ಬಾ’ಗೆ ನಾಲ್ಕು, ‘ರದಿರು’ವಿಗೆ ನಾಲ್ಕು. ಎರಡು ಪೆಟ್ಟಿಗೆಗಳ ನಡುವೆ ಉಸಿರಿಗೆ ಬಾಗಿಲು ತೆರೆಯಿತು. ಮುನಿದ ತಾಯಿ ಬಾಗಿಲಲ್ಲಿ ನಿಂತು ಮಗನನ್ನು ಕರೆದೇಬಿಟ್ಟಳು.

ಇದು ನನ್ನೊಬ್ಬನ ಪಾಡಲ್ಲ. ಹಾಡು ಕಟ್ಟಲು ಬಳಸುವ ಹೆಚ್ಚಿನ ತಂತ್ರಾಂಶಗಳನ್ನು ತೆರೆದ ಕೂಡಲೇ ನಾಲ್ಕರ ಎಣಿಕೆ, ನಿಮಿಷಕ್ಕೆ 120 ಬಡಿತ ಎಂದು ಮೊದಲೇ ಬರೆದಿರುತ್ತದೆ. ಬದಲಾಯಿಸಬಹುದು, ಯಾರೂ ಬೇಡ ಎನ್ನುವುದಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ, ಮನೆಯವರೆಲ್ಲ ಮಲಗಿದ ಮೇಲೆ, ಬೀರುವಿನ ಬಟ್ಟೆಗಳ ನಡುವೆ ಮೈಕ್ ಇಟ್ಟುಕೊಂಡು ಕೂತ ಹುಡುಗನಿಗೆ ಅದು ಹೊಳೆಯುವುದಿಲ್ಲ. ಹಾಡು ಹುಟ್ಟುವ ಮೊದಲೇ ಅದರ ತಾಳವನ್ನು ಯಂತ್ರ ಗೊತ್ತು ಮಾಡಿರುತ್ತದೆ. ಆದ್ದರಿಂದ ಹೊಸಬರ ಕನ್ನಡ ಹಾಡೊಂದು ಐದರಲ್ಲೋ ಏಳರಲ್ಲೋ ನಡೆಯುವುದು ಕೇಳಿಸಿದರೆ ನಾನು ಕೆಲಸ ಬಿಟ್ಟು ಕೂರುತ್ತೇನೆ. ಅಲ್ಲಿ ಯಾರೋ ಮೊದಲು ಸಾಲನ್ನು ಬಾಯಿಬಿಟ್ಟು ಓದಿ, ಆಮೇಲೆ ಯಂತ್ರ ಹಚ್ಚಿದ್ದಾರೆ.

ದೀರ್ಘ ಹ್ರಸ್ವದ ಅವಾಂತರವಂತೂ ದಿನವೂ ಕೇಳಿಸುತ್ತದೆ. ನಲ್ಲೆಯ ಕೈಗೆ ಬಳೆ ತೊಡಿಸುವ ಹಾಡಿನಲ್ಲಿ ‘ಬ’ ಎಳೆದುಹೋಗಿ ಬಾಳೆಯಾದದ್ದನ್ನು ಕೇಳಿದ್ದೇನೆ. ‘ನಡು’ ಬಳುಕಬೇಕಾದಲ್ಲಿ ‘ನಾಡು’ ಬಳುಕಿದೆ. ನಗಬೇಡಿ, ಸಿನಿಮಾದಲ್ಲೂ ನಡೆಯುತ್ತದೆ. ಅಲ್ಲಿ ವಾದ್ಯಗಳ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ, ಅಷ್ಟೇ.

ಇನ್ನು ದನಿ. ಮನೆಯಲ್ಲಿ ಮುದ್ರಿಸಿದ ಹಾಡಿನಲ್ಲಿ ಕುಕ್ಕರ್ ಕೂಗುವುದು, ಫ್ಯಾನು ಗುಂಯ್‌ಗುಡುವುದು ಇದ್ದದ್ದೇ. ಅದನ್ನು ಕಿವಿ ದಾಟಿಕೊಂಡು ಹೋಗುತ್ತದೆ. ನನಗೆ ಅಳುಕಿರುವುದು ಇದಕ್ಕೆ ಪೂರ್ತಿ ವಿರುದ್ಧವಾದ ನುಣುಪಿನ ಬಗ್ಗೆ. ಶ್ರುತಿ ತಿದ್ದುವ ತಂತ್ರಾಂಶಗಳಲ್ಲಿ ಹೆಸರಾದ ಆಟೋಟ್ಯೂನ್ 1997ರಲ್ಲಿ ಬಂತು. ಅದನ್ನು ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ನಿಕ್ಷೇಪ ಹುಡುಕಲು ಭೂಮಿಯೊಳಗಿನ ಕಂಪನಗಳ ಲೆಕ್ಕ ಹಾಕುತ್ತಿದ್ದವರು. ಅಂಥ ತಂತ್ರಾಂಶ ಹಾಡುವವರ ದನಿಯನ್ನು ಹನ್ನೆರಡು ಸ್ವರಸ್ಥಾನಗಳಲ್ಲಿ ಹತ್ತಿರದ್ದಕ್ಕೆ ಎಳೆದು ಕೂರಿಸುತ್ತದೆ. ಪಿಯಾನೋ ಮನೆಗಳಲ್ಲಿ ಇರುವ ಸ್ವರಕ್ಕೆ ಇದು ಉಪಕಾರ. ನಮ್ಮ ತೋಡಿ ರಾಗದ ಗಾಂಧಾರಕ್ಕೆ? ಆ ಗಾಂಧಾರ ಒಂದೆಡೆ ನಿಲ್ಲುವುದೇ ಇಲ್ಲ, ತೂಗುತ್ತದೆ. ತೂಗುವುದೇ ಅದರ ಗುರುತು. ಯಂತ್ರಕ್ಕೆ ಆ ತೂಗಾಟ ತಪ್ಪಾಗಿ ಕಾಣುತ್ತದೆ. ಪಾಠ ಮಾಡಿಕೊಂಡ ಹುಡುಗಿಯೊಬ್ಬಳು ಆ ತೂಗಾಟವನ್ನು, ಅಂದರೆ ಕಂಪಿತವನ್ನು, ಚೆನ್ನಾಗಿ ಹಾಡಿರುತ್ತಾಳೆ, ಜೋಡಣೆ ಮಾಡುವ ಗೆಳೆಯ ಅದನ್ನು ಇಸ್ತ್ರಿ ಮಾಡಿರುತ್ತಾನೆ. ಕೇಳುಗರಾದ ನಾವು ‘ವೃತ್ತಿಪರವಾಗಿದೆ’ ಎಂದು ಹೊಗಳುತ್ತೇವೆ. ಹಾಗೆ ಹೊಗಳಿ ಹೊಗಳಿ ನಾವೇ ಇಸ್ತ್ರಿಯನ್ನು ಬಿಸಿ ಮಾಡಿದ್ದೇವೆ.

‘ವೃತ್ತಿಪರ’ ಎಂದೆ. ಇದರ ಎದುರು ಪದ ‘ಹವ್ಯಾಸಿ’. ರಂಗಭೂಮಿಗೆ ಬಂದರೆ ಈ ಪದಕ್ಕೆ ಕನ್ನಡದಲ್ಲಿ ಎಂಥ ಮರ್ಯಾದೆ! ಕಂಪನಿ ನಾಟಕಗಳು ಮೆರೆಯುತ್ತಿದ್ದಾಗ ಬೆಂಗಳೂರಿನ ಹವ್ಯಾಸಿಗಳು ಬೇರೊಂದು ಬಗೆಯ ನಾಟಕ ಕಟ್ಟಿದರು. ಅವರಿಗೆಂದು ಬರೆದ ಕೈಲಾಸಂ ಕಲಿತದ್ದು ಭೂವಿಜ್ಞಾನ. ಕರಾವಳಿಯಲ್ಲಿ ಮೇಷ್ಟ್ರು, ಅಂಚೆಯವರು, ವಕೀಲರು ಗೆಜ್ಜೆ ಕಟ್ಟಿ ಹವ್ಯಾಸಿ ಯಕ್ಷಗಾನ ಕುಣಿಯುತ್ತಾರೆ, ಅದನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ಸಂಗೀತದಲ್ಲಿ ಮಾತ್ರ ‘ಹವ್ಯಾಸಿ ಸಂಯೋಜಕ’ ಎಂದ ಕೂಡಲೇ ಕೇಳುವವರ ಮುಖದಲ್ಲಿ ಒಂದು ರಿಯಾಯಿತಿ ಮೂಡುತ್ತದೆ. ‘ಪಾಪ, ಚೆನ್ನಾಗಿಯೇ ಮಾಡಿದ್ದಾನೆ’ ಎನ್ನುವ ‘ಪಾಪ’. ಸುಗಮ ಸಂಗೀತದ ಚರಿತ್ರೆಯನ್ನೇ ನೋಡಿ. ಸಿ. ಅಶ್ವತ್ಥ್ ಬೆಂಗಳೂರಿನ ಐ.ಟಿ.ಐ. ದೂರವಾಣಿ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ನೌಕರಿ ಮಾಡಿದವರು. ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಹಿನ್ನೆಲೆ ಗಾಯಕ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಿಂದ ವಕೀಲರು. ಸಂಬಳದ ಕೆಲಸ ಒಂದು ಕಡೆ, ಹಾಡು ಇನ್ನೊಂದು ಕಡೆ ಎಂಬುದು ನಮ್ಮಲ್ಲಿ ಹೊಸತೇನೂ ಅಲ್ಲ. ಆ ‘ಪಾಪ’ವನ್ನು ಬಿಟ್ಟು ಕೇಳಿ ಎಂಬುದಷ್ಟೇ ನನ್ನ ಕೋರಿಕೆ. ರಿಯಾಯಿತಿಯ ಹೊಗಳಿಕೆಯಿಂದ ಯಾರೂ ಬೆಳೆದದ್ದು ನಾನು ಕಾಣೆ.

ಇನ್ನೊಂದು ಬಗೆಯ ಕೇಳುಗರಿದ್ದಾರೆ, ಪೊಲೀಸರು. ‘ಇದು ಆ ಚಿತ್ರದ ಆ ಹಾಡಿನಂತಿದೆ’ ಎಂದು ಹಿಡಿದುಹಾಕಿದರೆ ಅವರ ಕೆಲಸ ಮುಗಿಯಿತು. ನಿಜ, ಹೊಸಬರ ಹಾಡಿನ ಮೇಲೆ ದೊಡ್ಡವರ ನೆರಳು ಬಿದ್ದೇ ಇರುತ್ತದೆ. ವಯಲಿನ್‌ಗಳ ಗುಂಪು ಇಳಿದು ಬರುವ ರೀತಿಯಲ್ಲೇ ಈತ ಇಳಯರಾಜಾ ಕೇಳಿ ಬೆಳೆದವನು ಎಂದು ಹೇಳಿಬಿಡಬಹುದು. ಆದರೆ ನಮ್ಮ ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಇಂಥ ಹಾಡಿನ ಧಾಟಿ, ಇಂಥ ಮಟ್ಟು ಎಂದು ನಾಚಿಕೆಯಿಲ್ಲದೆ ಅಚ್ಚು ಹಾಕುತ್ತಿದ್ದರು. ಮಟ್ಟು ಸಾಲ ತರುವುದು ಅವಮಾನವಾಗಿರಲಿಲ್ಲ, ಮುಚ್ಚಿಡುವ ಅಗತ್ಯವೂ ಇರಲಿಲ್ಲ. ಪಲ್ಲವಿ ಎಲ್ಲಿಂದಲೋ ಬಂದಿದ್ದರೂ ಚರಣದಲ್ಲಿ ಸ್ವಂತ ದಾರಿ ಹಿಡಿದ ಹಾಡುಗಳು ಎಷ್ಟೋ ಇವೆ. ಚರಣದವರೆಗೆ ಕಾಯಬೇಕು, ಅಷ್ಟೇ. ಹೆಚ್ಚಿನವರು ಕಾಯುವುದಿಲ್ಲ.

ಕಾಯುವುದಿಲ್ಲ ಎಂಬಲ್ಲೇ ದೊಡ್ಡ ಅನ್ಯಾಯವಿದೆ. ಹಳೆಯ ಚಿತ್ರಗೀತೆಯನ್ನು ಯಾರಾದರೂ ಹಾಡಿ ಏರಿಸಿದರೆ ಸಾವಿರಾರು ಮಂದಿ ಕೇಳುತ್ತಾರೆ, ಅದೇ ಕಂಠದ ಸ್ವಂತ ಹಾಡಿಗೆ ಹತ್ತು ಜನ ಬರುವುದಿಲ್ಲ. ಕೇಳಿದ ಹಾಡನ್ನು ಕೇಳುವುದು ಸುಲಭ. ಆ ಹಳೆಯ ಹಾಡೂ ಮೊದಲ ಸಲಕ್ಕೇ ನಮ್ಮ ಎದೆಗೆ ಇಳಿದಿರಲಿಲ್ಲ. ವಿವಿಧ ಭಾರತಿ 1957ರಿಂದ ದಿನವೂ ಬಡಿಸಿತು, ಹೋಟೆಲಿನ ರೇಡಿಯೋದಲ್ಲಿ, ಪಕ್ಕದ ಮನೆಯಲ್ಲಿ, ನಾವು ಕೇಳದೆಯೂ ಕೇಳಿದೆವು. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ ಅದನ್ನು ತಿರುವಿ ತಿರುವಿ ಹಾಕಿ ಕೇಳಿದವರು ಈ ಸಭೆಯಲ್ಲೂ ಇರಬಹುದು. ಕಾಸು ಕೊಟ್ಟು ತಂದದ್ದು, ಕೇಳದೆ ಏನು ಮಾಡುವುದು? ಇವತ್ತಿನ ಹೊಸ ಹಾಡಿಗೆ ಆ ಮೂರನೆಯ ಸಲ, ಹತ್ತನೆಯ ಸಲ ಸಿಗುವುದೇ ಇಲ್ಲ. ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಅಪರಿಚಿತರ ಹಾಡನ್ನು ಮೂರು ಸಲ ಕೇಳುವವರೆಗೆ ಏನೂ ಬರೆಯುವುದಿಲ್ಲ. ಮೂರನೆಯ ಸಲಕ್ಕೆ ಸೋತ ಹಾಡುಗಳೂ ಇವೆ, ಗೆದ್ದವೂ ಇವೆ. ಬರೆಯುವಾಗ ಒಂದೇ ಜಾಗವನ್ನು ಹೆಸರಿಸಿ ಬರೆಯುತ್ತೇನೆ: ಇಂಥ ಪದದ ಮೇಲೆ ನಿಷಾದಕ್ಕೆ ಹೋದದ್ದು ಹಿತವಾಯಿತು, ಇಂಥ ಕಡೆ ಕೊಳಲು ದನಿಯ ಮೇಲೆ ಕಾಲಿಟ್ಟಿತು. ಸ್ವರದ ಹೆಸರು ಗೊತ್ತಿಲ್ಲದಿದ್ದರೆ ನಿಮಿಷ, ಸೆಕೆಂಡು ಬರೆಯಿರಿ. ಸಾಕು.

ಕವಿತೆಗಳನ್ನು ಹಾಡು ಮಾಡುವ ಹುಡುಗರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ವಚನ, ದಾಸರ ಪದ, ಶರೀಫರ ಪದಗಳಿಗೆ ನೀವು ಧಾರಾಳವಾಗಿ ಮಟ್ಟು ಹಾಕಬಹುದು. ದಾಸರು ಹಾಡಿದ ಮೂಲ ಮಟ್ಟುಗಳೇ ಬಹುಪಾಲು ಉಳಿದಿಲ್ಲ, ನಾವು ಕೇಳುವುದೆಲ್ಲ ಹೆಚ್ಚುಕಡಿಮೆ ನಂತರದವರು ಕೂರಿಸಿದ್ದು. ಆದರೆ ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಲೆಕ್ಕ ನೀವೇ ಹಾಕಿ, ಅನುಮತಿ ಕೇಳಿ. ಅದಕ್ಕಿಂತ ನಿಮ್ಮ ಓರಗೆಯ ಕವಿಯೊಬ್ಬನನ್ನು ಹಿಡಿದು ಬರೆಸಿದರೆ ಇನ್ನೂ ಒಳ್ಳೆಯದು. ಬದುಕಿರುವ ಕವಿಯ ಹತ್ತಿರ ‘ಇಲ್ಲಿ ಒಂದು ಮಾತ್ರೆ ಕಡಿಮೆ ಮಾಡಪ್ಪ’ ಎನ್ನಬಹುದು.

ನನ್ನ ಹಾಡಿಗೆ ಏನಾಯಿತು ಎಂದು ಕೆಲವರ ಮುಖ ಕೇಳುತ್ತಿದೆ. ಅದನ್ನು ಖಂಡಛಾಪುವಿಗೆ ತಂದು ಮತ್ತೆ ಕಟ್ಟಿದೆ. ಸಿದ್ಧ ತಾಳ ಬಿಟ್ಟು, ಪರಿಚಯದ ಹುಡುಗನೊಬ್ಬನಿಂದ ತಬಲಾ ನುಡಿಸಿದೆ. ತಂಗಿಯ ಮಗಳು ‘ಮಾವ, ಈಗ ಉಸಿರಾಡಲು ಜಾಗವೇ ಇಲ್ಲವಲ್ಲ’ ಎಂದು ಗೊಣಗುತ್ತಲೇ ಹಾಡಿಕೊಟ್ಟಳು. ಪದಗಳೆಲ್ಲ ನೆಟ್ಟಗೆ ನಿಂತವು. ಬಾರದಿರು ಎಂದರೆ ಬಾರದಿರು. ತಾಯಿ ಚೆನ್ನಾಗಿ ಬಯ್ದಳು.

ಎರಡು ದಿನ ಕೇಳಿದೆ. ಏನೋ ಕಡಿಮೆಯಾಗಿತ್ತು. ಆ ಅಪರಿಚಿತರ ‘ಬೇಕೆಂದೇ ಮಾಡಿದ್ದರೆ’ ಎಂಬ ಮಾತು ಕಿವಿಯಲ್ಲೇ ಉಳಿದಿತ್ತು. ಮತ್ತೆ ಹುಡುಗಿಗೆ ಫೋನ್ ಮಾಡಿದೆ. ಹಾಡಿನುದ್ದಕ್ಕೂ ಪಲ್ಲವಿ ನಾಲ್ಕು ಸಲ ಬರುತ್ತದೆ. ಮೂರು ಸಲ ಐದರ ನಡೆಯಲ್ಲೇ ಬಿಗಿಯಾಗಿ ಹಾಡು, ಕಡೆಯ ಸಲ ತಬಲಾ ನಿಂತಿರುತ್ತದೆ, ತಂಬೂರಿ ಮಾತ್ರ ಇರುತ್ತದೆ, ಆಗ ‘ಬಾ’ದ ಮೇಲೆ ನಿಂತು ನಿನಗೆ ಬೇಕಾದಷ್ಟು ಉಸಿರು ತೆಗೆದುಕೋ ಎಂದೆ.

ಅದನ್ನು ಇನ್ನೂ ಎಲ್ಲಿಯೂ ಏರಿಸಿಲ್ಲ. ಇಲ್ಲಿಯೇ ಮೊದಲು. ಕೇಳಿದ ಮೇಲೆ ‘ಚೆನ್ನಾಗಿದೆ’ ಎನ್ನುವವರನ್ನು ‘ಎಲ್ಲಿ?’ ಎಂದು ಕೇಳದೆ ಬಿಡುವುದಿಲ್ಲ. ಹಿಂದಿನ ಸಾಲಿನವರು ದಯವಿಟ್ಟು ಆ ಫ್ಯಾನ್ ಆರಿಸಿ.